ಕೊಳವೆಯ ಬಾಯಿ

ಚಿಕ್ಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬೆಳಿಗ್ಗೆ ಅಕ್ಕ ಇಟ್ಟು ಹೋದ ಗಂಜಿ ತಲೆಯ ಹತ್ತಿರ ಹಾಗೇ ಇತ್ತು. ಮೇಲೆ ಕೆನೆಗಟ್ಟಿತ್ತು. ನೊಣ ಕೂತಿತ್ತು. ಬಲಗೈ ಮಣಿಕಟ್ಟಿನ ಮೇಲಿಂದಲೇ ಇಲ್ಲ. ಎಡಗೈ ಇದೆ, ಆದರೆ ಅದಕ್ಕೆ ನೊಣ ಓಡಿಸುವಷ್ಟೂ ಮನಸ್ಸಿಲ್ಲ.

"ಒಂದು ಗುಟುಕು," ಅಂದಳು ಅಕ್ಕ.

ಬಟ್ಟಲನ್ನು ತಂಗಿಯ ಬಾಯಿಯ ಹತ್ತಿರಕ್ಕೆ ತಂದಳು.

"ಒಂದೇ ಒಂದು ಗುಟುಕು ಕುಡಿ. ಆಮೇಲೆ ನಿನ್ನ ತಂಟೆಗೆ ಬರಲ್ಲ."

"ಅಕ್ಕಾ," ಅಂದಳು ಚಿಕ್ಕಿ, ಗೋಡೆಗೇ. "ನಾನು ಕೂಗ್ಲೇ ಇಲ್ವಾ?"

ಆಸ್ಪತ್ರೆಯಿಂದ ಬಂದಾಗಿನಿಂದ ಇದೊಂದೇ ಪ್ರಶ್ನೆ. ನೋವು ಅನ್ನಲಿಲ್ಲ. ಕೈ ಎಲ್ಲಿ ಎಂದು ಕೇಳಲಿಲ್ಲ. ಮುಂದೆ ಹೊಟ್ಟೆಪಾಡೇನು ಎಂದೂ ಕೇಳಲಿಲ್ಲ. ಕೂಗಿದೆನೋ ಇಲ್ಲವೋ, ಅದೊಂದನ್ನು ಹೇಳು ಅನ್ನುತ್ತಾಳೆ. ಅಕ್ಕನಿಗೆ ಅದೇ ಗೊತ್ತಿಲ್ಲ. ಸುಳ್ಳು ಹೇಳಿ ನೋಡಿದಳು. "ಕೂಗಿದೆ ಕಣೇ, ಕೂಗದೆ ಇರ್ತೀಯಾ" ಅಂದಳು. "ನೀನು ಕೇಳಿಸ್ಕೊಂಡ್ಯಾ?" ಅಂದಳು ಚಿಕ್ಕಿ. ಅಲ್ಲಿಗೆ ಸುಳ್ಳು ಮುಗಿಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಬ್ಬರ ಸುಳ್ಳು ಇನ್ನೊಬ್ಬರ ಹತ್ತಿರ ನಡೆಯುವುದಿಲ್ಲ.

ಕಟ್ಟು ಬದಲಿಸಲು ಬರುವ ನರ್ಸಮ್ಮ ನಿನ್ನೆ ಅಕ್ಕನನ್ನು ಬಾಗಿಲಾಚೆ ಕರೆದು ಹೇಳಿದ್ದಳು. "ಗಾಯ ವಾಸನೆ ಬರ್ತಿದೆ. ಬರೀ ಔಷಧಿ ಹಚ್ಚಿದ್ರೆ ಸಾಲ್ದು, ಹೊಟ್ಟೆಗೆ ಬೀಳ್ಬೇಕು. ಇವಳು ಬದುಕ್ಬೇಕು ಅಂತಾನೇ ಅನ್ಕೊಂಡಿಲ್ಲ. ಹೀಗೇ ಆದ್ರೆ ನಾನು ಬಂದೂ ದಂಡ." ಹೇಳಿ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಿದ್ದಳು.

ಅಕ್ಕ ಗಂಜಿಯ ಬಟ್ಟಲಿಗೆ ತಟ್ಟೆ ಮುಚ್ಚಿದಳು. ಕೆಲಸಕ್ಕೆ ಹೊತ್ತಾಗಿತ್ತು. ಇರುವ ಈ ಕೋಣೆ ಕೆಲಸದ ಜೊತೆಗೆ ಕೊಟ್ಟದ್ದು. ಕೆಲಸ ಬಿಟ್ಟರೆ ತಂಗಿಯನ್ನು ಮಲಗಿಸಲು ಗೋಡೆಯೂ ಇಲ್ಲ.

ಆ ಕೋಣೆ ಇದ್ದದ್ದು ಮೌನದ ಮನೆಯ ಹಿತ್ತಿಲಲ್ಲಿ. ಪೇಟೆಯ ಗದ್ದಲ ಮುಗಿಯುವಲ್ಲಿ ಎತ್ತರದ ಕಾಂಪೌಂಡು, ಒಳಗೆ ಬೆಳ್ಳನೆಯ ದೊಡ್ಡ ಕಟ್ಟಡ. ಅನುಕೂಲವಂತರು ಬಂದು ಹದಿನೈದು ದಿನ ಬಾಯಿ ಮುಚ್ಚಿಕೊಂಡು ಕೂತು ಹೋಗುತ್ತಾರೆ. ಅದಕ್ಕೆ ಶಿಬಿರ ಅನ್ನುತ್ತಾರೆ. ಮೇಲಿನ ಹಾಲ್‌ನಲ್ಲಿ ಬೆಳಿಗ್ಗೆ ಗುರುಗಳು ಒಂದಿಷ್ಟು ಹೊತ್ತು ಹೇಳುತ್ತಾರೆ. ಉಳಿದ ಹೊತ್ತು ಯಾರಿಗೂ ಮಾತಿಲ್ಲ. ನೀವು ಈ ದೇಹವಲ್ಲ. ನೀವು ನೋಡುವವರು. ಎಲ್ಲರೊಳಗೂ ಇರುವುದು ಒಂದೇ, ಅಲ್ಲಿ ಮೇಲೂ ಇಲ್ಲ ಕೆಳಗೂ ಇಲ್ಲ. ಮಾತು ಒಳ್ಳೆಯದೇ. ಆದರೆ ಮೇಲೂ ಇಲ್ಲ ಕೆಳಗೂ ಇಲ್ಲ ಅನ್ನುವ ಆ ಹಾಲ್‌ಗೆ ಹತ್ತಲು ಎರಡು ಮೆಟ್ಟಿಲಸಾಲು. ಮುಂದಿನದು ಕಲ್ಲಿನದು, ಅಗಲವಾದದ್ದು, ಬಂದವರಿಗೆ. ಹಿಂದಿನದು ಕಬ್ಬಿಣದ್ದು, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ್ದು, ಕೆಲಸದವರಿಗೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಬಂದವರಿಗೆ ಮೌನ ಹದಿನೈದು ದಿನ. ಕೆಲಸದವರಿಗೆ ವರ್ಷವಿಡೀ. ಒಂದು ಶಿಬಿರ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಬಕೆಟ್ಟನ್ನು ಎತ್ತಿ ಇಡಬೇಕು, ಎಳೆಯಬಾರದು. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕು. ಒಬ್ಬರನ್ನೊಬ್ಬರು ಕೂಗಿ ಕರೆಯುವಂತಿಲ್ಲ, ಹತ್ತಿರ ಹೋಗಿ ಮುಟ್ಟಿ ಕರೆಯಬೇಕು. ಕರೆಯುವುದನ್ನು ಬಿಟ್ಟವರು ಮಾತು ಬಿಟ್ಟರು, ಮಾತು ಬಿಟ್ಟವರು ನಗುವುದನ್ನೂ ಬಿಟ್ಟರು. ಮ್ಯಾನೇಜರು ಇದಕ್ಕೆ ಸೇವೆ ಅನ್ನುತ್ತಿದ್ದ. "ನಾವಿಲ್ಲಿ ಕೆಲಸದವರು ಅನ್ನಲ್ಲ. ಸೇವೆ ಮಾಡೋರು ಅಂತೀವಿ," ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ. ಹೆಸರು ಬದಲಾದರೆ ಬಕೆಟ್ಟು ಹಗುರಾಗುತ್ತದೆಯೇ.

ಮೇಲಿನವರ ಬೆವರಿನ ಹಾಸು, ಹೊದಿಕೆ, ಟವೆಲ್ಲುಗಳೆಲ್ಲ ಹಾಲ್‌ನ ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಒಂದು ದೊಡ್ಡ ತೂತಿಗೆ ಬೀಳುತ್ತಿದ್ದವು. ಮುಚ್ಚಳ ಎತ್ತಿ ತುರುಕಿದರೆ ಸಾಕು, ತಗಡಿನ ಕೊಳವೆಯಲ್ಲಿ ಜಾರಿಕೊಂಡು ನೆಲಮಾಳಿಗೆಯ ಒಗೆಯುವ ಕೋಣೆಗೆ ಬಂದು ಬೀಳುತ್ತಿದ್ದವು. ಅಲ್ಲಿ ಅಕ್ಕ ಮತ್ತು ಚಿಕ್ಕಿ. ವಾಷಿಂಗ್ ಸೋಡಾ ನೀರಿನಲ್ಲಿ ನೆನೆದು ನೆನೆದು ಇಬ್ಬರ ಬೆರಳ ಸಂದಿಯಲ್ಲೂ ಚರ್ಮ ಬಿರಿದಿತ್ತು. ಒದ್ದೆ ಹಾಸುಗಳನ್ನು ತೊಟ್ಟಿಯಿಂದ ಎತ್ತುವಾಗ ಹೆಣ ಎತ್ತಿದಷ್ಟು ಭಾರ. ಸೊಂಟ ಹಿಡಿದುಕೊಂಡರೆ ರಾತ್ರಿಯೇ ಬಿಡುವುದು. ಹಿಂಡಿದ್ದನ್ನು ರೋಲರ್ ಮಿಷನ್ನಿಗೆ ಕೊಡಬೇಕು. ಕಾದ ಎರಡು ದಪ್ಪ ಉರುಳೆಗಳ ನಡುವೆ ಅಂಚು ಸಿಕ್ಕಿಸಿದರೆ ಅದು ಎಳೆದುಕೊಂಡು ಆಚೆ ಕಡೆಗೆ ಒಣಗಿದ, ಇಸ್ತ್ರಿಯಾದ ಬಟ್ಟೆ ಬಿಡುತ್ತದೆ. ಅಂಚು ಹಿಡಿದ ಬೆರಳು ಸರಿಯಾದ ಹೊತ್ತಿಗೆ ಬಿಡಬೇಕು, ಅಷ್ಟೆ.

ಆ ಕೊಳವೆಯಲ್ಲಿ ಬಟ್ಟೆ ಮಾತ್ರ ಇಳಿಯುತ್ತಿರಲಿಲ್ಲ. ಗುರುಗಳ ಮಾತೂ ಇಳಿಯುತ್ತಿತ್ತು. ಮೇಲೆ ಪಿಸುಗುಟ್ಟಿದರೂ ಕೆಳಗೆ ಕಿವಿಯ ಹತ್ತಿರವೇ ಆಡಿದಂತೆ ಕೇಳಿಸುತ್ತಿತ್ತು. ಬೆಳಗಿನ ಆ ಹೊತ್ತು ಮಿಷನ್ನು ಹಾಕುವಂತಿರಲಿಲ್ಲ. ಚಿಕ್ಕಿ ಕೊಳೆ ಬಟ್ಟೆಯ ರಾಶಿಯ ಮೇಲೆ ಕೂತು ಕೊಳವೆಯ ಬಾಯಿಗೆ ತಲೆ ಕೊಟ್ಟು ಕೇಳುತ್ತಿದ್ದಳು. ಕಣ್ಣು ಅರಳುತ್ತಿತ್ತು.

"ಅಕ್ಕಾ, ನಾನು ಈ ದೇಹ ಅಲ್ವಂತೆ."

"ಹೌದಾ? ಮತ್ತೆ ತೊಟ್ಟಿಯಿಂದ ಹಾಸು ಎತ್ತಿದ್ದು ಯಾರು, ಪಕ್ಕದ ಮನೆಯೋಳಾ?"

"ಅದು ದೇಹ ಎತ್ತಿದ್ದು. ನಾನು ಸುಮ್ನೆ ನೋಡ್ತಿದ್ದೆ."

"ನೋಡೋಳಿಗೆ ಇವತ್ತು ಊಟ ಇಲ್ಲ. ಎತ್ತಿದೋಳಿಗೆ ಮಾತ್ರ."

ಚಿಕ್ಕಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆದರೆ ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಕೈ ಉರಿದಾಗ ಉರಿ ಬೇರೆ ನಾನು ಬೇರೆ ಎಂದು ಅಂದುಕೊಳ್ಳುತ್ತಿದ್ದಳು. ಮ್ಯಾನೇಜರು ಬೈದಾಗ ಬೈಸಿಕೊಂಡವಳು ನಾನಲ್ಲ ಅನ್ನುತ್ತಿದ್ದಳು. ಮೇಲಿನವರಿಗೆ ಅದು ಹದಿನೈದು ದಿನದ ಆಟ. ಇವಳು ಮಾತ್ರ ಬದುಕಿಡೀ ಆಡುವ ಹಾಗೆ ಹಿಡಿದುಕೊಂಡಿದ್ದಳು. ಹಿಡಿದುಕೊಳ್ಳಲು ಅವಳಿಗೆ ಬೇರೆ ಏನೂ ಇರಲಿಲ್ಲ.

ಇಬ್ಬರ ಅವ್ವನೂ ಅದೇ ಕೋಣೆಯಲ್ಲಿ ಒಗೆದು ಸತ್ತವಳು. ಅವಳಿಗೆ ಆತ್ಮ ಗೀತ್ಮ ಗೊತ್ತಿರಲಿಲ್ಲ. ಅವಳದ್ದು ಒಂದೇ ಒಂದು ನೇಮ. ಯಾರು ಕೂಗಿದರೂ ಮೊದಲು "ಬಂದೆ" ಅನ್ನುತ್ತಿದ್ದಳು. ಆಮೇಲೆ ಯಾರು, ಏನು, ಯಾಕೆ. ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರೂ ಇವಳದ್ದು "ಬಂದೆ". ಮಕ್ಕಳು ಆಡಿಕೊಳ್ಳುತ್ತಿದ್ದರು. "ಅವ್ವಾ, ಅದು ನಿನ್ನನ್ನಲ್ಲ." "ಅಲ್ದಿದ್ರೆ ವಾಪಸ್ ಬಂದ್ರಾಯ್ತು. ಕಾಲೇನು ಸವೀತದಾ? ಕೂಗೋ ಬಾಯಲ್ಲಿ ದೇವ್ರಿರ್ತಾನೆ, ಕಾಯಿಸ್ಬಾರ್ದು." ಮೌನದ ಮನೆಗೆ ಬಂದ ಮೇಲೂ ಅವಳ ನಾಲಿಗೆಯಿಂದ ಅದು ಹೋಗಲಿಲ್ಲ. ಅದಕ್ಕೆ ಎಷ್ಟು ಬೈಸಿಕೊಂಡಳೋ. ಸಾಯುವ ದಿನ ಯಾರೂ ಕರೆಯದೆಯೇ "ಬಂದೆ" ಅಂದು ಕಣ್ಣು ಮುಚ್ಚಿದಳು.

ರೋಲರ್ ಮಿಷನ್ನಿನಲ್ಲಿ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ನಿಲ್ಲಬೇಕು. ಅದು ಕೆಟ್ಟು ಬಹಳ ದಿನವಾಗಿತ್ತು. ಅಕ್ಕ ಹೇಳಿದ್ದಳು. ಒಂದು ಸಲ ಅಲ್ಲ, ಹೇಳಿ ಹೇಳಿ ಬಾಯಿ ಬಿದ್ದುಹೋಗಿತ್ತು. "ರಿಪೇರಿಯವನು ಬಂದ್ರೆ ಸುತ್ತಿಗೆ ಬಡೀತಾನೆ. ಶಿಬಿರ ಮುಗೀಲಿ," ಅನ್ನುತ್ತಿದ್ದ ಮ್ಯಾನೇಜರು. ಒಂದು ಮುಗಿಯಿತು, ಎರಡು ಮುಗಿಯಿತು. "ತೀರಾ ಅರ್ಜೆಂಟ್ ಅಂದ್ರೆ ಮೇನ್ ಸ್ವಿಚ್ ಇದೆಯಲ್ಲಮ್ಮ." ಇತ್ತು. ಮೇಲೆ, ಹಾಲ್‌ನ ಬಾಗಿಲ ಪಕ್ಕ, ಕೊಳವೆಯ ಮುಚ್ಚಳದ ಮಗ್ಗುಲಲ್ಲಿ. ಬಾಗಿಲ ಹತ್ತಿರ ಕೂತವರು ಎದ್ದು ಕೈ ಚಾಚಿದರೆ ಸಿಗುವ ಹಾಗೆ.

ಈ ಸಲದ ಶಿಬಿರದ ಮೂರನೆಯ ದಿನ. ಕಂಬಳಿಗಳನ್ನು ರೋಲರ್‌ಗೆ ಕೊಡುವಂತಿಲ್ಲ, ಬಿಸಿಲಿಗೇ ಹಾಕಬೇಕು. ಒಣಗಿದ್ದನ್ನು ತರಲು ಅಕ್ಕ ತಾರಸಿಗೆ ಹೋಗಿದ್ದಳು. ಅಲ್ಲಿ ಗಾಳಿ, ಜೊತೆಗೆ ನೀರಿನ ಪಂಪಿನ ಸದ್ದು. ನೆಲಮಾಳಿಗೆಯಲ್ಲೇ ಅಡುಗೆಮನೆ, ಆದರೆ ಅಡುಗೆಯವನು ತರಕಾರಿಗೆ ಪೇಟೆಗೆ ಹೋಗಿದ್ದ. ತೋಟದವನು ಗೇಟಿನಾಚೆ ಗೊಬ್ಬರ ಇಳಿಸಿಕೊಳ್ಳುತ್ತಿದ್ದ. ಒಗೆಯುವ ಕೋಣೆಯ ಬಾಗಿಲಿಗೆ ಸದ್ದು ಹೊರಗೆ ಬಾರದಿರಲೆಂದು ಸ್ಪಂಜಿನ ಪಟ್ಟಿ ಬಡಿದಿದ್ದರು. ಬಾಗಿಲು ಮುಚ್ಚಿತ್ತು.

ಅಕ್ಕ ತಲೆಯ ಮೇಲೆ ಕಂಬಳಿ ಹೊತ್ತುಕೊಂಡು ಬಂದು ಬಾಗಿಲು ತಳ್ಳಿದಳು. ಚಿಕ್ಕಿ ನಿಂತಿರಲಿಲ್ಲ. ಮಿಷನ್ನಿಗೆ ನೇತಾಡುತ್ತಿದ್ದಳು. ಉರುಳೆ ಇನ್ನೂ ತಿರುಗುತ್ತಿತ್ತು. ಆ ವಾಸನೆಯನ್ನು ಅಕ್ಕ ಇವತ್ತಿಗೂ ಯಾರಿಗೂ ಹೇಳಿಲ್ಲ. ಕೆಂಪು ಗುಂಡಿಯನ್ನು ಗುದ್ದಿದಳು. ಆಮೇಲೆ ಕಬ್ಬಿಣದ ಮೆಟ್ಟಿಲು ಹತ್ತಿ ಓಡಿದಳು. ಗಾಜಿನ ಬಾಗಿಲಾಚೆ ಸಾಲಾಗಿ ನೆಟ್ಟಗಿನ ಬೆನ್ನುಗಳು, ಮುಚ್ಚಿದ ಕಣ್ಣುಗಳು. ಬಾಗಿಲು ತಳ್ಳಿ ಸ್ವಿಚ್ಚು ಎಳೆದಳು. ಇಳಿದು ಬರುವಷ್ಟರಲ್ಲಿ ಉರುಳೆ ನಿಂತಿತ್ತು. ಚಿಕ್ಕಿಗೆ ಪ್ರಜ್ಞೆ ಇರಲಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದ. ಮ್ಯಾನೇಜರು ಅವನಿಗೆ ಹಾಲ್ ತೋರಿಸಿದ, ಸ್ವಿಚ್ಚು ತೋರಿಸಿದ. "ಅಷ್ಟು ಜನ ಇಲ್ಲೇ ಕೂತಿದ್ರು ಸಾರ್. ಕೂಗಿದ್ದಿದ್ರೆ ಯಾರಾದ್ರೂ ಎದ್ದು ಸ್ವಿಚ್ಚು ತೆಗೀತಿರ್ಲಿಲ್ವಾ? ಅವಳು ಕೂಗ್ಲಿಲ್ಲ." ಅಧಿಕಾರಿಗೆ ಅದು ಸರಿ ಅನಿಸಿತು. ಕೂಗದೆ ಇದ್ದದ್ದು ಅವಳದೇ ತಪ್ಪು ಅಂದು ಹೋದ. ಕೆಂಪು ಗುಂಡಿಯನ್ನು ಅವನು ಒತ್ತಿ ನೋಡಲಿಲ್ಲ.

ಅದಾದ ಮೇಲೆ ಮ್ಯಾನೇಜರು ಹಣ್ಣು ಹಿಡಿದುಕೊಂಡು ಹಿತ್ತಿಲ ಕೋಣೆಗೆ ಬಂದ. ಚಿಕ್ಕಿಯ ತಲೆಯ ಹತ್ತಿರ ಕೂತ. ಮೆಲ್ಲಗೆ ಮಾತಾಡಿದ. "ಗುರುಗಳಿಗೆ ಹೇಳ್ದೆ ತಾಯಿ. ಕೈ ಹೋಗ್ತಿದ್ರೂ ಮೌನ ಬಿಡ್ಲಿಲ್ಲ ಅಂತ. ಎಂಥ ಸಾಧಕಿ ಅಂದ್ರು." ಏಳುವಾಗ ಅಕ್ಕನ ಕಡೆ ತಿರುಗಿ, "ನರಳೋದು ಒಂಚೂರು ಕಡಿಮೆಯಾದ್ರೆ ಒಳ್ಳೇದು. ಈ ಕಡೆ ಕಿಟಕಿಯವರಿಗೆ ಕೇಳಿಸುತ್ತೆ," ಅಂದ.

ಅವತ್ತಿನಿಂದ ಚಿಕ್ಕಿ ನರಳುವುದನ್ನೂ ಬಿಟ್ಟಳು. ಹೊಗಳಿಕೆ ಅವಳ ಒಳಗೆ ಮೊಳೆಯ ಹಾಗೆ ಇಳಿದಿತ್ತು. ಕೈಗೆ ಬಿಸಿ ತಗುಲಿದ್ದಷ್ಟೇ ಅವಳಿಗೆ ನೆನಪು. ಮುಂದಿನದು ಏನೂ ಇಲ್ಲ.

"ನಾನು ಸುಮ್ನೆ ನೋಡ್ತಾ ನಿಂತಿದ್ನೇನೋ ಅಕ್ಕಾ. ನೋಡೋದು ಅಭ್ಯಾಸ ಮಾಡ್ತಿದ್ನಲ್ಲ," ಅಂದಳು. "ಒಂದ್ಸಲ ಕೂಗಿದ್ರೆ ಕೈ ಉಳೀತಿತ್ತು. ನನ್ನ ಕೈನ ನಾನೇ ಕೊಟ್ಬಿಟ್ನಾ?" ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಗೋಡೆಗೆ ತಿರುಗಿದಳು. ಉಣ್ಣುವುದನ್ನು ಮಾತ್ರ ಬಿಟ್ಟಳು.

ಅಕ್ಕ ಅಡುಗೆಯವನ ಹತ್ತಿರ ಹೋಗಿ ಕೂತಳು. ಹೊಟ್ಟೆ ದಪ್ಪ, ಮಾತು ತೆಳ್ಳಗೆ, ಒಳ್ಳೆಯವನು. ಅವ್ವ ಇದ್ದಾಗಿನಿಂದ ಇಬ್ಬರಿಗೂ ಅಣ್ಣನಂತಿದ್ದ.

"ಅಣ್ಣಾ, ಮೇಲಿದ್ದೋರನ್ನ ಒಬ್ಬೊಬ್ರನ್ನೇ ಕೇಳ್ತೀನಿ. ಒಬ್ರಾದ್ರೂ ಹೇಳ್ಲಿ, ಕೂಗಿದ್ಳು ಅಂತ."

"ಮೌನದಲ್ಲಿರೋರನ್ನ ಮಾತಾಡಿಸ್ತೀಯಾ? ಅವತ್ತೇ ಗಂಟುಮೂಟೆ ಕಟ್ಟಿಸ್ತಾರೆ. ಬಡವನ ಕೋಪ ದವಡೆಗೆ ಮೂಲ. ಸುಮ್ನಿರು."

"ಅವಳು ಸಾಯ್ತಾಳೆ ಅಣ್ಣಾ."

ಅಡುಗೆಯವನು ಈರುಳ್ಳಿ ಹೆಚ್ಚುತ್ತಲೇ ಇದ್ದ. ಕಣ್ಣು ಒರೆಸಿಕೊಂಡ. ಈರುಳ್ಳಿಗೋ ಏನೋ.

ಹೀಗೆ ಶಿಬಿರದ ಕೊನೆಯ ದಿನ ಬಂತು. ಅವತ್ತು ಮೌನ ಬಿಡುತ್ತಾರೆ. ಒಬ್ಬೊಬ್ಬರೂ ಎದ್ದು ತಮಗೆ ಏನೇನಾಯಿತು ಎಂದು ಹೇಳುತ್ತಾರೆ. ಅಕ್ಕ ನೀರಿನ ಲೋಟಗಳ ತಟ್ಟೆ ಹಿಡಿದು ಹಿಂದಿನ ಮೆಟ್ಟಿಲು ಹತ್ತಿ ಬಂದು ಕಂಬದ ಪಕ್ಕ ನಿಂತಿದ್ದಳು. ಅವತ್ತು ಬೆಳಿಗ್ಗೆಯೂ ತಂಗಿ ಗಂಜಿ ಮುಟ್ಟಿರಲಿಲ್ಲ. ಮೇಲಿನವರು ಹದಿನೈದು ದಿನದ ಮಾತನ್ನು ಒಂದೇ ಸಲಕ್ಕೆ ಆಡಿ ಮುಗಿಸುವವರಂತೆ ಆಡುತ್ತಿದ್ದರು. ಒಬ್ಬನಿಗೆ ಬೆಳಕು ಕಂಡಿತ್ತು. ಇನ್ನೊಬ್ಬಳಿಗೆ ಮಂಡಿನೋವು ಹೋಗಿತ್ತು.

ಆಮೇಲೆ ಬಾಗಿಲ ಹತ್ತಿರದ ಆಸನದಿಂದ ಬಿಳಿ ಶಾಲಿನ ಒಬ್ಬ ಹೆಂಗಸು ಎದ್ದಳು. ಮುಖದಲ್ಲಿ ಸಮಾಧಾನವಿತ್ತು. ಕೆಟ್ಟವಳಂತೆ ಕಾಣಲಿಲ್ಲ. ಲೋಟ ತೆಗೆದುಕೊಳ್ಳುವಾಗ ಅಕ್ಕನನ್ನು ನೋಡಿ ನಕ್ಕ ಒಬ್ಬಳೇ ಒಬ್ಬಳು ಅವಳು.

"ನನಗೆ ಮೂರನೇ ದಿನವೇ ಅನುಭವ ಆಯ್ತು ಗುರುಗಳೇ," ಅಂದಳು. "ಧ್ಯಾನದಲ್ಲಿದ್ದೆ. ಒಂದು ಶಬ್ದ ಬಂತು. ಆ ಕೊಳವೆಯಿಂದ. ಯಾರೋ ಕೂಗ್ತಿದ್ರು. ಅಕ್ಕಾ, ಅಕ್ಕಾ ಅಂತ. ಮನಸ್ಸು ಎದ್ದು ಓಡೋಕೆ ಹೊರಟ್ತು. ಕಾಲು ಕೂಡ ಅಲುಗಾಡ್ತು. ಆಗ ನೀವು ಹೇಳಿದ್ದು ನೆನಪಾಯ್ತು. ಶಬ್ದ ಬರುತ್ತೆ, ಹೋಗುತ್ತೆ, ಅದರ ಹಿಂದೆ ಹೋಗಬೇಡಿ. ಕೂತೆ. ನೋಡಿದೆ. ಮತ್ತೆ ಮತ್ತೆ ಬಂತು. ಮೊದಲು ಅದು ಅಕ್ಕ ಅನ್ನೋ ಪದ ಆಗಿತ್ತು. ಆಮೇಲೆ ಬರೀ ನಾದ. ಆಮೇಲೆ ಅದೂ ಇಲ್ಲ. ಅಂಥ ಶಾಂತಿ ನಾನು ಹುಟ್ಟಿದಾಗಿನಿಂದ ಕಂಡಿಲ್ಲ."

"ನನಗೂ ಬಂತು ಆ ಶಬ್ದ," ಅಂದ ಇನ್ನೊಬ್ಬ. "ನಾನು ಸ್ವಲ್ಪ ಒದ್ದಾಡಿದೆ." ಅಲ್ಲಲ್ಲಿ ತಲೆಗಳು ಹೌದೆಂದು ಆಡಿದವು.

ಗುರುಗಳು ಮುಗುಳ್ನಕ್ಕರು. "ಇದೇ. ಈ ಶಿಬಿರದ ಫಲ ಇದೇ."

ಕಂಬದ ಪಕ್ಕ ಅಕ್ಕ ತಲೆಯೆತ್ತಿದಳು. ಅಕ್ಕಾ. ಅದು ಪದವಲ್ಲ. ಅದು ಅವಳು. ಚಿಕ್ಕಿ ಕೂಗಿದ್ದು ಅವಳನ್ನು. ಅವಳು ಪಂಪಿನ ಪಕ್ಕ ಕಂಬಳಿ ಮಡಚುತ್ತಿದ್ದಾಗ ಅವಳ ಹೆಸರು ಈ ಹಾಲ್ ತುಂಬ ತಿರುಗಾಡಿತ್ತು. ಇಷ್ಟು ಜನ ಅದನ್ನು ಕೇಳಿ, ಜಗಿದು, ಸಿಹಿಯೆಂದು ನುಂಗಿ ಕೂತಿದ್ದರು. ತಟ್ಟೆಯನ್ನು ನೆಲಕ್ಕೆ ಇಟ್ಟಳು. ಎತ್ತಿ ಇಡಲಿಲ್ಲ, ಕುಕ್ಕಿದಳು.

"ಅಮ್ಮಾ, ಅದು ನನ್ನನ್ನ ಕೂಗಿದ್ದು," ಅಂದಳು.

ಹಾಲ್ ತಿರುಗಿ ನೋಡಿತು. ಬಿಳಿ ಶಾಲಿನವಳಿಗೆ ಅರ್ಥವಾಗಲಿಲ್ಲ.

"ನನ್ನ ತಂಗಿ. ಕೈ ಮಿಷನ್ನಿಗೆ ಸಿಕ್ಕಿತ್ತು. ಆ ಸ್ವಿಚ್ಚು ನೋಡಿ, ಅದನ್ನ ಕೆಳಗೆ ಎಳೆದಿದ್ರೆ ನಿಲ್ತಿತ್ತು. ನಿಮ್ಮ ಬೆನ್ನ ಹಿಂದೇನೇ ಇದೆ."

ಹೆಂಗಸು ಹಿಂದಕ್ಕೆ ತಿರುಗಿ ಸ್ವಿಚ್ಚನ್ನು ನೋಡಿದಳು. ಮುಖದ ಸಮಾಧಾನ ಕದಡಿತು. ಮ್ಯಾನೇಜರು ಬಂದು ಅಕ್ಕನ ತೋಳು ಹಿಡಿದ. ಅಕ್ಕ ಕೊಡವಿಕೊಂಡಳು.

"ಆಗಿದ್ದು ಆಗೋಯ್ತು, ನಿಮ್ಮನ್ನ ಬಯ್ಯಲ್ಲ. ಒಂದೇ ಒಂದು ಉಪಕಾರ ಮಾಡಿ. ಇಲ್ಲೇ ಹಿತ್ತಿಲಲ್ಲಿ ನಮ್ಮ ಕೋಣೆ. ಬಂದು ಅವಳಿಗೆ ಹೇಳಿ, ಕೂಗಿದ್ದು ಕೇಳಿಸ್ತು ಅಂತ. ಅವಳು ಕೂಗ್ಲೇ ಇಲ್ಲ ಅಂದ್ಕೊಂಡು ಊಟ ಬಿಟ್ಟಿದಾಳೆ. ಸಾಯ್ತಿದಾಳೆ. ಕಾಲಿಗೆ ಬೀಳ್ತೀನಮ್ಮ. ಒಂದು ಮಾತು."

ಹೆಂಗಸು ಒಂದು ಹೆಜ್ಜೆ ಇಟ್ಟಳು. ಆಮೇಲೆ ಗುರುಗಳ ಕಡೆ ನೋಡಿದಳು. ಆ ನೋಟದಲ್ಲಿ ಎಲ್ಲ ಕೆಟ್ಟಿತು. ತನ್ನ ಕಾಲಿನ ಮಾತನ್ನು ಕೇಳಬೇಕಾದವಳು ಇನ್ನೊಬ್ಬರ ಅಪ್ಪಣೆಗೆ ನಿಂತಳು.

"ಕೂತ್ಕೊಳ್ಳಿ," ಅಂದರು ಗುರುಗಳು ಅವಳಿಗೆ. ಅಕ್ಕನ ಕಡೆ ತಿರುಗಿದರು. ದನಿಯಲ್ಲಿ ಬೆಣ್ಣೆಯಿತ್ತು. "ನೋಡಮ್ಮಾ, ಉರುಳೆಗೆ ಸಿಕ್ಕಿದ್ದು ದೇಹ. ಅವಳಲ್ಲ. ಯಾವ ಜನ್ಮದ ಕರ್ಮವೋ, ಈಗ ತೀರಿತು. ಕೂಗಲಿಲ್ಲ ಅನ್ನೋದರಲ್ಲಿ ಅವಳಿಗೆ ಒಂದು ಹಿರಿಮೆ ಇದೆ. ಅದನ್ನೂ ಯಾಕೆ ಕಿತ್ಕೋತೀಯಾ?"

"ಕೈ ಕಿತ್ಕೊಂಡೋರು ಯಾರು ಸ್ವಾಮೀ?"

ಗುರುಗಳು ಪಕ್ಕದ ಗಂಟೆಯನ್ನು ಮೆಲ್ಲಗೆ ತಟ್ಟಿದರು. "ಕೊನೆಯ ಸಲ ಎಲ್ಲರೂ ಮೌನಕ್ಕೆ ಹೋಗೋಣ. ಇದೂ ಒಂದು ಶಬ್ದ. ಬರುತ್ತೆ, ಹೋಗುತ್ತೆ." ಅಕ್ಕನ ಎದುರಿಗೇ, ಅವಳು ನೋಡುತ್ತಿದ್ದಂತೆಯೇ, ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದರು. ಬಿಳಿ ಶಾಲಿನವಳು ಎಲ್ಲರಿಗಿಂತ ತಡವಾಗಿ ಮುಚ್ಚಿದಳು. ಆದರೂ ಮುಚ್ಚಿದಳು.

ಅಕ್ಕ ಹಿಂದಿನ ಮೆಟ್ಟಿಲು ಇಳಿದಳು. ಒಗೆಯುವ ಕೋಣೆಗೆ ಹೋಗಿ ಸ್ಪಂಜು ಬಡಿದ ಬಾಗಿಲನ್ನು ಒದ್ದು ತೆರೆದಳು. ಕಂಬಳಿ ಮುಚ್ಚಿಟ್ಟಿದ್ದ ಮಿಷನ್ನನ್ನು ನೋಡಿದಳು. ಬಾಗಿಲನ್ನು ಹಾಗೇ ಬಿಟ್ಟು ಹಿತ್ತಿಲಿಗೆ ಓಡಿದಳು.

"ಚಿಕ್ಕೀ. ನೀನು ಕೂಗಿದೆ. ಕೇಳಿಸ್ತಂತೆ. ಮತ್ತೆ ಮತ್ತೆ ಕೂಗಿದ್ಯಂತೆ."

ಗೋಡೆಯ ಕಡೆಗಿದ್ದ ಮುಖ ತಿರುಗಿತು. ಎಷ್ಟೋ ದಿನಕ್ಕೆ ತಿರುಗಿತು. ಕಣ್ಣು ಗುಳಿಬಿದ್ದಿತ್ತು.

"ಏನಂತ ಕೂಗಿದ್ನಂತೆ?"

"ಅಕ್ಕಾ ಅಂತ."

ಚಿಕ್ಕಿ ಅವಳ ಮುಖವನ್ನೇ ನೋಡಿದಳು. ಸುಳ್ಳಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಎಡಗೈ ಮೇಲೆದ್ದು ತನ್ನ ಗಂಟಲನ್ನು ಮುಟ್ಟಿಕೊಂಡಿತು.

"ಯಾರಿಗೆ ಕೇಳಿಸ್ತು?"

"ಮೇಲಿದ್ದೋರಿಗೆ. ಎಲ್ರಿಗೂ."

ಆಮೇಲೆ ಅವಳು ಕೇಳುವ ಪ್ರಶ್ನೆ ಅಕ್ಕನಿಗೆ ಗೊತ್ತಿತ್ತು. ಓಡಿ ಬರುವಾಗಲೇ 'ದೇವರೇ, ಅದೊಂದನ್ನು ಕೇಳದಿರಲಿ' ಅಂದುಕೊಂಡಿದ್ದಳು.

"ಮತ್ತೆ ಯಾಕೆ ಯಾರೂ ಬರ್ಲಿಲ್ಲ?"

ಕೂಗಲಿಲ್ಲ ಅಂದುಕೊಂಡಾಗ ಚಿಕ್ಕಿಯ ಸಿಟ್ಟು ತನ್ನ ಮೇಲೇ ಇತ್ತು. ಈಗ ಲೋಕದ ಮೇಲೆ. ಯಾವುದು ಭಾರ ಎಂದು ತೂಗಲು ಅಕ್ಕನ ಬಳಿ ತಕ್ಕಡಿ ಇರಲಿಲ್ಲ. ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕೂತಳು.

"ಹತ್ತು. ನೀನೇ ಅವರನ್ನ ಕೇಳು."

ಚಿಕ್ಕಿ ಒಂದು ಒದ್ದೆ ಹಾಸಿನಷ್ಟೂ ತೂಕವಿರಲಿಲ್ಲ. ಅಕ್ಕ ಅವಳನ್ನು ಹೊತ್ತು ಅಂಗಳ ದಾಟಿದಳು. ಹಿಂದಿನ ಮೆಟ್ಟಿಲ ಹತ್ತಿರ ಕಾಲು ತಾನಾಗಿ ಅತ್ತ ತಿರುಗಿತು. ನಿಂತಳು. ಆಮೇಲೆ ಕಟ್ಟಡವನ್ನು ಸುತ್ತು ಹಾಕಿ ಮುಂದಿನ ಕಲ್ಲಿನ ಮೆಟ್ಟಿಲು ಹತ್ತಿದಳು. ಒರೆಸಲು ಅಲ್ಲದೆ ಅದನ್ನು ಹತ್ತಿದ್ದು ಹುಟ್ಟಿ ಮೊದಲ ಸಲ. ಕೆಸರುಗಾಲ ಗುರುತು ಒಂದೊಂದು ಮೆಟ್ಟಿಲ ಮೇಲೂ ಉಳಿಯಿತು. ಒರೆಸಬೇಕಾದವಳು ಅವಳೇ. ಒರೆಸುವುದಿಲ್ಲ ಎಂದು ಅಲ್ಲೇ ಅಂದುಕೊಂಡಳು.

ಹಾಲ್‌ನಲ್ಲಿ ಕಣ್ಣುಗಳು ಮುಚ್ಚಿಯೇ ಇದ್ದವು. ಬಾಗಿಲ ಒಳಗೆ, ಕೊಳವೆಯ ಪಕ್ಕದ ಗೋಡೆಗೆ ಅಕ್ಕ ಚಿಕ್ಕಿಯನ್ನು ಒರಗಿಸಿ ಕೂರಿಸಿದಳು. ಕಟ್ಟಿನ ವಾಸನೆ ಊದುಬತ್ತಿಯನ್ನು ದಾಟಿ ಹಾಲ್‌ಗೆ ಹರಡಿತು. ಕೆಲವರ ಮೂಗು ಸೊಟ್ಟಗಾಯಿತು, ರೆಪ್ಪೆ ಮಾತ್ರ ಏಳಲಿಲ್ಲ.

"ಕೇಳಿಸ್ತಂತಲ್ಲ," ಅಂದಳು ಚಿಕ್ಕಿ. ದನಿ ಒಣಗಿತ್ತು. "ಮತ್ತೆ ಯಾಕೆ ಬರ್ಲಿಲ್ಲ?"

ಬಿಳಿ ಶಾಲಿನವಳ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತಿತ್ತು. ಒಂದು ಕೈ ಮೇಲೇಳದಂತೆ ಇನ್ನೊಂದು ಕೈ ಹಿಡಿದುಕೊಂಡಿತ್ತು.

"ನೀವು ಹೇಳಿದ್ದೆಲ್ಲ ನಾನು ಕೆಳಗೆ ಕೂತು ಕೇಳ್ತಿದ್ದೆ. ನಿಮ್ಮೊಳಗಿರೋದೇ ನನ್ನೊಳಗೂ ಇರೋದು ಅಂತ. ನಾನು ಅದನ್ನ ನಂಬಿದ್ದೆ. ನೀವು ನಂಬಿದ್ರಾ?"

"ಶಬ್ದ," ಅಂದರು ಗುರುಗಳು ಕಣ್ಣು ತೆರೆಯದೆ. "ಬರುತ್ತೆ, ಹೋಗುತ್ತೆ."

ಚಿಕ್ಕಿ ಆ ಕಡೆ ನೋಡುವುದನ್ನು ಬಿಟ್ಟಳು. ಕೊಳವೆಯ ಮುಚ್ಚಳವನ್ನು ಎಡಗೈಯಿಂದ ಎತ್ತಲು ಹೋದಳು, ಆಗಲಿಲ್ಲ. ಅಕ್ಕ ಎತ್ತಿದಳು. ಚಿಕ್ಕಿ ಕೆಳಗೆ ಕೂತು ಮಾತು ಕೇಳುತ್ತಿದ್ದಾಗಿನಂತೆಯೇ ತಲೆಯನ್ನು ಒಳಗೆ ಕೊಟ್ಟಳು. ಉಸಿರು ತುಂಬಿಕೊಂಡಳು. ಪಕ್ಕೆಲುಬುಗಳು ಎದ್ದು ಕಂಡವು.

"ಅಕ್ಕಾ..."

ತಗಡಿನ ಕೊಳವೆ ಆ ಕೂಗನ್ನು ಹಿಡಿದು ಕೆಳಗೊಯ್ದಿತು. ನೆಲಮಾಳಿಗೆಗೆ ಬಡಿದು, ತೆರೆದ ಬಾಗಿಲಿಂದ ಹೊರಬಿದ್ದು, ಅಡುಗೆಮನೆಗೆ ಹೋಯಿತು. ಅಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಇದ್ದಳು. ಓಗೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಕೆಳಗೆ ಯಾವುದೋ ಪಾತ್ರೆ ಬಿದ್ದ ಸದ್ದಾಯಿತು.

"ಬಂದೇ..."

ಅಡುಗೆಯವನ ದನಿ. ಅಷ್ಟು ದಪ್ಪ ದೇಹದಿಂದ ಅಷ್ಟು ದೊಡ್ಡ ದನಿ ಬರುವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ಹಿಂದೆಯೇ ಅಂಗಳದಿಂದ ತೋಟದವನದ್ದು. "ಬಂದೇ, ಬಂದೆ." ಅವ್ವನ ಮಾತು ಅವರ ಬಾಯಿಗೆ ಯಾವಾಗ ಹತ್ತಿತ್ತೋ. ಕಲ್ಲಿನ ಮೆಟ್ಟಿಲ ಮೇಲೆ ದಡದಡ ಕಾಲುಗಳು. ಆ ಮೆಟ್ಟಿಲ ಮೇಲೆ ಹಾಗೆ ಯಾರೂ ಓಡಿರಲಿಲ್ಲ.

ಅಡುಗೆಯವನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ. ಏದುಸಿರು. ತೋಟದವನ ಕೈಯಲ್ಲಿ ಮಣ್ಣು ಹಾಗೇ ಇತ್ತು.

"ಏನಾಯ್ತು? ಚಿಕ್ಕೀ, ಏನಾಯ್ತೇ?"

ಚಿಕ್ಕಿ ಕೊಳವೆಯಿಂದ ತಲೆ ತೆಗೆದಳು. ಕೆನ್ನೆಯ ಮೇಲೆ ತಗಡಿನ ಅಂಚಿನ ಗೆರೆ ಮೂಡಿತ್ತು. ಅಡುಗೆಯವನನ್ನು ತುಂಬ ಹೊತ್ತು ನೋಡಿದಳು.

"ಏನಿಲ್ಲ ಅಣ್ಣಾ," ಅಂದಳು. "ಇಲ್ಲಿಂದ ಅಲ್ಲಿಗೆ ಕೇಳಿಸುತ್ತಾ ಅಂತ ನೋಡ್ದೆ."

ಹಿಂದೆ ಸಾಲಿನಲ್ಲಿ ಒಬ್ಬೊಬ್ಬರಾಗಿ ಕಣ್ಣು ತೆರೆಯುತ್ತಿದ್ದರು. ಬಿಳಿ ಶಾಲಿನವಳು ಎದ್ದು ನಿಂತಿದ್ದಳು, ಏನೋ ಹೇಳಬೇಕೆಂದು ಬಾಯಿ ತೆರೆದಿದ್ದಳು. ಚಿಕ್ಕಿ ಅತ್ತ ತಿರುಗಲಿಲ್ಲ. ಎಡಗೈಯನ್ನು ಅಕ್ಕನ ಕೊರಳಿಗೆ ಹಾಕಿದಳು.

"ನಡಿ ಅಕ್ಕಾ, ಹಸಿವಾಗ್ತಿದೆ," ಅಂದಳು.